ಶನಿವಾರ ಕಲಿಸಿದ ಗಂಟು

ಇದನ್ನು ಹೇಳುವಷ್ಟು ದೊಡ್ಡವಳೇನೂ ನಾನಲ್ಲ, ಕ್ಷಮಿಸಬೇಕು. ಆರನೇ ತರಗತಿಗೆ ಪಾಠ ಮಾಡುವ ಶಿಕ್ಷಕಿ, ಅಷ್ಟೇ. ಕಲಿಸಿದ್ದು ಕಲಿಸಿದವರಲ್ಲಿ ಉಳಿಯುವುದಿಲ್ಲವಲ್ಲ, ಹಾಗಾಗಿ ಎಲ್ಲ ಶಿಕ್ಷಕರಂತೆ ನಾನೂ ಸಂಜೆಶಾಲೆಯಲ್ಲಿ ಕೂತು, ಹಗಲು ಕಳೆದುಕೊಂಡದ್ದನ್ನು ಪುಸ್ತಕದಿಂದ ಮತ್ತೆ ಕಲಿಯುತ್ತೇನೆ. ಈ ಸೋಮವಾರ ಭಿನ್ನರಾಶಿ ಕಲಿಸಿ ಹೊರಟಾಗ, ಬಾಳೆಹಣ್ಣಿನವನು “ಅರ್ಧ ಡಜನ್ ಸಾಕೇನ್ರಿ?” ಎಂದದ್ದಕ್ಕೆ ಅರ್ಧವೆಂದರೆ ಎಷ್ಟೆಂದು ಅವನನ್ನೇ ಕೇಳಿದೆ. ಬುಧವಾರ ಭೂಗೋಳದ ಪಾಠದಲ್ಲಿ ನದಿಗಳು ಹೋದವು. ಸಂಜೆ ಅವೂ ಮರಳಿ ಬಂದವು.

ಶನಿವಾರ ಕೈಗೆಲಸದ ಪಿರಿಯಡ್. ಕಸ್ತೂರಿ ಬುಟ್ಟಿ ತುಂಬ ಮಲ್ಲಿಗೆ ಮೊಗ್ಗು ತಂದಿದ್ದಳು.

“ಅಕ್ಕೋರ, ಹೂ ಕಟ್ಟಾಕ ನೀವು ಹೇಳ್ತಿದ್ದ ನಿಮ್ಮವ್ವನ ಗಂಟು ಕಲಿಸ್ರಿ. ನಮ್ಮನ್ಯಾಗ ಕಲಿಸಾಕ ಅವ್ವ ಇಲ್ರಿ.”

ಆ ಗಂಟು ಯಾವ ಪುಸ್ತಕದಲ್ಲೂ ಇಲ್ಲ. ಅವ್ವ ಹೋದ ಮೇಲೆ ಅವಳದೆಂದು ನನ್ನಲ್ಲಿ ಉಳಿದದ್ದು ಅದೊಂದೇ. ಬಾಳೆನಾರನ್ನು ಬೇಕಿಲ್ಲದಷ್ಟು ಸಣ್ಣ ಎಳೆಗಳಾಗಿ ಸೀಳಿದೆ. ಆಮೇಲೆ ಕಲಿಸಿದೆ.

ಮಾಲೆ ಮುಗಿಯುವಷ್ಟರಲ್ಲಿ ನನ್ನ ಬೆರಳಿಗೆ ಏನೂ ಗೊತ್ತಿರಲಿಲ್ಲ. ಕಸ್ತೂರಿ ಗಾಬರಿಯಾದಳು.

“ಅಳಬ್ಯಾಡ್ರಿ ಅಕ್ಕೋರ. ನಾ ನಿಮಗ ತಿರುಗಿ ಕಲಿಸ್ತೀನ್ರಿ.”

“ಆಮ್ಯಾಲೆ ನಿನ್ನ ಕೈಯಾಗ ಏನ್ ಉಳಿತದ, ಹುಚ್ಚಿ? ಆ ಮಾಲಿನ ನನ್ನ ತುರುಬಿಗೆ ಮುಡಿಸು, ಸಾಕು.”

ನನಗೆ ಕಲಿಸಿದ ಮೇಲೆ ಅವ್ವ ಎಂದೂ ಹೂ ಕಟ್ಟಲಿಲ್ಲ. ದಿನಾ ನನ್ನ ಮುಂದೆ ತಲೆ ಬಗ್ಗಿಸಿ ಕೂರುತ್ತಿದ್ದಳು, ನಾನು ಕಟ್ಟಿ ಮುಡಿಸುತ್ತಿದ್ದೆ. ಆಗ ಅವಳಿಗೂ ತನ್ನ ಅವ್ವ ನೆನಪಾಗುತ್ತಿದ್ದಳೇ? ನಾನು ಕೇಳಲಿಲ್ಲ. ನನಗೆ ಗೊತ್ತಿಲ್ಲ.