ಏಳು ಗಂಟೆಯ ಸಾರಿಕಾ

ಚೀಲ ಸಿಕ್ಕಿದ್ದು ಬೆಳಿಗ್ಗೆ, ಜೋಳದ ಡಬ್ಬಿಯ ಹಿಂದೆ. ಎರಡು ಸೀರೆ, ಒಂದು ಟವೆಲ್ಲು, ಬಾಚಣಿಗೆ. ಕೇದಾರಿ ಕೂಗಾಡಲಿಲ್ಲ. ಹೆಂಡತಿಯ ಚೀಲವನ್ನು ತಿಜೋರಿಯೊಳಗಿಟ್ಟು, ಕೀಲಿಯನ್ನು ಜೇಬಿಗಿಳಿಸಿದ.

“ಗಡಹಿಂಗ್ಲಜಕ್ಕ ಹೊಂಟಿದ್ದೇನು?”

“ಅವ್ವ ದವಾಖಾನ್ಯಾಗ ಅದಾಳ್ರಿ. ಇವತ್ತೋ ನಾಳಿಗೋ ಅನ್ನಾಕತ್ತಾರ. ಒಮ್ಮೆ ಮುಖಾ ನೋಡಿ ಬರ್ತೀನಿ.”

“ಹೋದಾಕಿ ತಿರುಗಿ ಬರ್ತಿ ಅಂತ ಏನ್ ಗ್ಯಾರಂಟಿ?”

ಸಾರಿಕಾ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಅದು ಬೆಂದ ಮೇಲೆ ಅಂದಳು: “ಆತು ಬಿಡ್ರಿ. ಸಂಜೀಕ ದಿನಾ ಕುಂದರೂ ಹಂಗ ಟಿವ್ಹಿಯಾಗ ನನ್ನ ನೋಡ್ಕೋತ ಕುಂದರ್ರಿ. ನಾ ಎಲ್ಲಿ ಹೋಗ್ತೀನಿ?”

ಅದು ನಿಜವೇ. ಇಚಲಕರಂಜಿಯ ಕೇಬಲ್ ವಾಹಿನಿಯಲ್ಲಿ ಹತ್ತೊಂಬತ್ತು ವರ್ಷದಿಂದ ಏಳು ಗಂಟೆಯ ವಾರ್ತೆ ಓದುವವಳು ಎಲ್ಲಿಗೆ ತಾನೇ ಹೋದಾಳು? ದಟ್ಟ ಪೌಡರು, ಕೆಂಪು ತುಟಿ, ಹಣೆಗೆ ದೊಡ್ಡ ಟಿಕಳಿ. ಕಬನೂರಿನಿಂದ ಹಾತಕಣಂಗಲೆಯವರೆಗೆ ಆ ಮುಖ ಗೊತ್ತಿಲ್ಲದವರಿಲ್ಲ. ಅವಳು ಸಂತೆಯಲ್ಲಿ ನಿಂತರೂ ಯಾರಾದರೂ ಕೇದಾರಿಗೆ ಫೋನು ಮಾಡಿ, “ವಹಿನಿ ಕಂಡ್ರು ನೋಡ್ರಿ” ಅನ್ನುತ್ತಿದ್ದರು; ಊರಿಗೆಲ್ಲ ಅವಳು ವಹಿನಿ, ಅತ್ತಿಗೆ. ಊರಿಗೆ ಊರೇ ಅವನ ಕಾವಲುಗಾರ. ಪಗಾರ ಅವನ ಖಾತೆಗೇ ಬೀಳುತ್ತಿದ್ದುದರಿಂದ ಕೆಲಸ ಬಿಡಿಸಿರಲಿಲ್ಲ.

ಹೋದ ವರ್ಷ ಅವಳಪ್ಪ ತೀರಿಕೊಂಡಾಗ ನಿಧನ ವಾರ್ತೆಯನ್ನು ಅವಳೇ ಓದಿದ್ದಳು. ದನಿ ನಡುಗಲಿಲ್ಲ. ಮಣ್ಣಿಗೆ ಹೋಗಲು ಕೇದಾರಿ ಬಿಡಲಿಲ್ಲ. “ಟಿವ್ಹಿಯಾಗ ಎಲ್ಲಾರಿಗೂ ಹೇಳಿದಿಯಲ್ಲ, ಮತ್ಯಾಕ ಹೋಗೂದು?” ಅಂದಿದ್ದ. ಮನುಷ್ಯ ಅಂಥವನು, ಹೆಚ್ಚು ಹೇಳಿದರೆ ನಾಲಿಗೆ ಹೊಲಸಾಗುತ್ತದೆ.

ವಾಹಿನಿಯ ಕಚೇರಿ ಶಹಾಪುರದಲ್ಲಿ, ಒಂದು ಮಗ್ಗದ ಶೆಡ್ಡಿನ ಮೇಲಿನ ಮಾಳಿಗೆಯಲ್ಲಿ. ಕೆಳಗೆ ಮಗ್ಗಗಳು ಹೊಡೆಯತೊಡಗಿದರೆ ಎದುರಿಗೆ ನಿಂತವರ ಮಾತೂ ಕೇಳಿಸದು; ಅಲ್ಲಿನವರು ಕೈಸನ್ನೆಯಲ್ಲೇ ಸಂಸಾರ ಮಾಡುತ್ತಾರೆ. ಆರು ಗಂಟೆಗೆ ಅಪ್ಪಣ್ಣನ ಚಹಾದ ಕಿಟ್ಲಿ ಒಳಗೆ ಹೋದಾಗ ಮಾತ್ರ ಅರ್ಧ ತಾಸು ಸದ್ದು ನಿಲ್ಲುತ್ತದೆ. ಮಾಳಿಗೆಯ ಮೆಟ್ಟಿಲಿಗೂ ಶೆಡ್ಡಿಗೂ ಸೇರಿ ರಸ್ತೆಗೆ ಒಂದೇ ಬಾಗಿಲು. ಬಾಗಿಲಿನ ಎದುರಿಗೇ ಅಪ್ಪಣ್ಣನ ಅಂಗಡಿ, ಅಂಗಡಿಯಲ್ಲಿ ಟಿವಿ.

ಸಂಜೆ ಸಾರಿಕಾ ಎಂದಿನಂತೆ ಕೊಲ್ಹಾಪುರಿ ಚಪ್ಪಲಿಯನ್ನು ಕೆಳಗಿನ ಮೆಟ್ಟಿಲ ಮೇಲೆ ಬಿಟ್ಟು ಮೇಲೆ ಹೋದಳು. ಕೇದಾರಿ ದಿನವೂ ಅಪ್ಪಣ್ಣನ ಅಂಗಡಿಯಲ್ಲೇ ಕುಳಿತು ವಾರ್ತೆ ನೋಡುತ್ತಿದ್ದ, ಯಾವತ್ತೂ ಮೇಲೆ ಹತ್ತಿದವನಲ್ಲ. ಗಿಣಿಪಾಠ ಒಪ್ಪಿಸುವುದರಲ್ಲಿ ನೋಡುವುದೇನಿದೆ ಎಂಬುದು ಅವನ ಅಂಬೋಣ. ಇವತ್ತು ಮಾತ್ರ ಬೈಕನ್ನು ಬಾಗಿಲಿಗೆ ಅಡ್ಡಲಾಗಿ ನಿಲ್ಲಿಸಿ ಅದರ ಪಕ್ಕದಲ್ಲೇ ನಿಂತ. ಅಪ್ಪಣ್ಣ ಕಿಟ್ಲಿಯನ್ನು ಬೈಕಿನ ಮೇಲಿಂದ ದಾಟಿಸಬೇಕಾಯಿತು. ಚಪ್ಪಲಿ ಕಾಣುತ್ತಿತ್ತು. ಚಪ್ಪಲಿ ಇದ್ದರೆ ಹೆಂಡತಿಯೂ ಇದ್ದಾಳೆ.

ಏಳಕ್ಕೆ ಟಿವಿಯಲ್ಲಿ ಸಾರಿಕಾ ಕೈಮುಗಿದಳು. ಅಪ್ಪಣ್ಣ ವಾಲ್ಯೂಮು ಏರಿಸಿದ. ರಸ್ತೆಯ ತುಂಬ ಮಗ್ಗದ ಖಟಖಟ. ಟಿವಿಯಲ್ಲಿ ಅವಳೊಬ್ಬಳದೇ ದನಿ, ತಿಳಿಯಾಗಿ.

“ವಹಿನಿ ಇವತ್ತ ಭಾಳ ಚಲೋ ಓದಾಕತ್ತಾರ ನೋಡ್ರಿ,” ಅಂದ ಅಪ್ಪಣ್ಣ.

ಕೇದಾರಿ ಆ ಮುಖದಲ್ಲಿ ಅಳುವನ್ನು ಹುಡುಕಿದ. ಸಿಗಲಿಲ್ಲ. ಕಬನೂರಿನ ನೀರಿನ ಸುದ್ದಿ ಓದುವಾಗ ತುಸು ನಕ್ಕಂತೆಯೂ ಕಂಡಿತು. ಮನೆಗೆ ಬರಲಿ, ವಿಚಾರಿಸಿಕೊಳ್ಳೋಣ ಅಂದುಕೊಂಡ.

ಶೆಡ್ಡಿನಲ್ಲಿ ಕಾಂಡಿಗೆ ನೂಲು ಸುತ್ತುವ ಹೆಂಗಸರು ಮನೆಗೆ ಹೊರಡುವ ಹೊತ್ತು. ತಲೆಗೂ ಮೂಗಿಗೂ ಬಟ್ಟೆ ಸುತ್ತಿಕೊಂಡು, ಮೈಗೆಲ್ಲ ಹತ್ತಿ ಮೆತ್ತಿಕೊಂಡು ಬಾಗಿಲಿಗೆ ಬಂದರೆ ಬೈಕು ಅಡ್ಡ. ಬರಿಗಾಲಲ್ಲಿದ್ದ ಒಬ್ಬಳು ಸೀಟಿನ ಮೇಲೆ ಅಂಗೈಯಿಂದ ಬಡಿದು, ಸರಿಸು ಎಂದು ಸನ್ನೆ ಮಾಡಿದಳು.

“ಏನ್ ಕಿರಿಕಿರಿ ಇವರದು! ಲಗೂ ಲಗೂ ಹೋಗ್ರಿ, ಬಾತ್ಮಿ ನೋಡಾಕತ್ತೇನಿ!”

ಟಿವಿಯಿಂದ ಕಣ್ಣು ಕೀಳದೆಯೇ ಬೈಕನ್ನು ಪಕ್ಕಕ್ಕೆಳೆದ. ಹೆಂಗಸರು ದಾಟಿಹೋದರು. ಸಾರಿಕಾ ಆಗ ಕೊಲ್ಹಾಪುರದ ಸುದ್ದಿಯಲ್ಲಿದ್ದಳು.

ವಾರ್ತೆ ಮುಗಿಯಿತು. ಅಪ್ಪಣ್ಣ ಗ್ಲಾಸು ತೊಳೆದಿಟ್ಟ. ಚಪ್ಪಲಿ ಅಲ್ಲೇ ಇತ್ತು, ಅದನ್ನು ಮೆಟ್ಟುವವಳು ಬರಲಿಲ್ಲ. ಕೊನೆಗೆ ಕೇದಾರಿ ಮೊದಲ ಸಲ ಆ ಮೆಟ್ಟಿಲು ಹತ್ತಿದ. ಮೇಲೆ ಕ್ಯಾಮೆರಾದ ಶ್ರೇಣಿಕ ವಾಯರು ಸುತ್ತುತ್ತಿದ್ದ.

“ಸಾರಿಕಾ ಎಲ್ಲಿ?” ಕೇದಾರಿ ಕಿರುಚಬೇಕಾಯಿತು.

“ಅವರ ಕೆಲಸ ಆರೂವರಿಗೇ ಮುಗಿತೈತಲ್ರಿ!”

“ಮತ್ತ ಈಗ ಓದಿದಾಕಿ?”

ಶ್ರೇಣಿಕ ನೆಲದ ಕಡೆ ಬೆರಳು ಮಾಡಿದ. ಅಂಗಾಲಿನ ಕೆಳಗೆ ನೆಲವೇ ಅದುರುತ್ತಿತ್ತು. “ಈ ಗದ್ದಲದಾಗ ಓದಾಕ ಬರತೈತೇನ್ರಿ? ಮಗ್ಗ ನಿಂತಾಗ ರೆಕಾರ್ಡ್ ಮಾಡಿ ಏಳಕ್ಕ ಹಚ್ತೀವಿ. ಮೊದಲಿಂದನೂ ಹಂಗ. ನಿಮಗ ಗೊತ್ತಿಲ್ಲೇನು? ಬಾತ್ಮಿ ಮುಗಿಯೂ ತನಕ ವಹಿನಿ ದಿನಾ ಆ ಕಿಡಕಿ ಹಂತ್ಯಾಕ ಕುಂತಿರ್ತಿದ್ರು. ನೀವು ಟಿವ್ಹಿ ನೋಡೂದನ್ನ ನೋಡ್ಕೋತ.”

ಕೇದಾರಿ ದಡದಡನೆ ಕೆಳಗಿಳಿದ. ಚಪ್ಪಲಿ ಮೆಟ್ಟಿಲ ಮೇಲೆ. ತಿಜೋರಿಯ ಕೀಲಿ ಜೇಬಿನಲ್ಲಿ. ಬೈಕು ಅವನೇ ಸರಿಸಿ ನಿಲ್ಲಿಸಿದ ಜಾಗದಲ್ಲಿ.

ಕರಿ ಸೀಟಿನ ಮೇಲೆ ಅಂಗೈಯ ಗುರುತೊಂದು ಮೂಡಿತ್ತು, ಮುಖದಿಂದ ಒರೆಸಿ ತೆಗೆದ ದಟ್ಟ ಗುಲಾಬಿ ಪೌಡರಿನದು.