ಗೋಪಿಯ ನಂಬರು

ಬಂಗಾರಪೇಟೆಯ ಮೊಬೈಲ್ ಅಂಗಡಿಯಿಂದ ವಾಪಸ್ ಬಂದ ವೇಣು, ಅಣ್ಣನ ಮರಣ ಪ್ರಮಾಣಪತ್ರವನ್ನು ಜಗಲಿಯ ಮೇಲೆ ಅತ್ತಿಗೆಯ ಮುಂದೆ ಎಸೆದ.

“ಅಣ್ಣನ ಸಿಮ್ಮು ಯಾರ ಎಸ್ರಲ್ಲೈತೆ ಅತ್ಗೆ?”

“ನನ್ನ ಹೆಸರಲ್ಲಿ,” ಎಂದಳು ವನಿತಾ. ಅವರೆಕಾಯಿ ಬಿಡಿಸುತ್ತಿದ್ದ ಅವಳ ಕೈ ನಿಲ್ಲಲಿಲ್ಲ.

“ಡುಪ್ಲಿಕೇಟ್ ಸಿಮ್ ಕೊಡಪ್ಪಾ ಅಂದ್ರೆ ಅಂಗ್ಡಿಯವ್ನು ನಗ್ತಾನೆ. ಸತ್ತೋರ ಕಾಗ್ದ ತಂದಿದ್ಯಲ್ಲಯ್ಯಾ, ನಂಬರ್ ಇರೋದು ಬದುಕಿರೋರ ಎಸ್ರಲ್ಲಿ ಅಂತಾನೆ. ಒಂದ್ ಮಾತು ಏಳಿದ್ರೆ ನಾನ್ಯಾಕೆ ಓಗಿ ಮಾನ ಕಳ್ಕೋತಿದ್ದೆ?”

“ನೀನೂ ಒಂದು ಮಾತು ಹೇಳಿ ಹೋಗ್ಲಿಲ್ಲ, ವೇಣು.”

ಆ ಸಿಮ್ ಕೊಳ್ಳುವ ದಿನ ವನಿತಾಳ ಗಂಡ ಗೋಪಿಯ ಬೆರಳಚ್ಚು ಅಂಗಡಿಯ ಯಂತ್ರಕ್ಕೆ ಹತ್ತಿರಲಿಲ್ಲ. ಕೊಳವೆಬಾವಿಗಳಿಂದ ಮೋಟರ್ ಎತ್ತುವುದು ಅವನ ಕೆಲಸ. ತಂತಿಹಗ್ಗ ಹಿಡಿದು ಹಿಡಿದು ಬೆರಳ ರೇಖೆಗಳೆಲ್ಲ ಸವೆದುಹೋಗಿದ್ದವು. ಕೊನೆಗೆ ವನಿತಾ ತನ್ನ ಹೆಬ್ಬೆರಳು ಒತ್ತಿದ್ದಳು. ಆಮೇಲೆ ಅವನು ಆ ನಂಬರನ್ನು ಬೇತಮಂಗಲದ ಆಚೆಯವರೆಗೂ ಪಂಪ್‌ಹೌಸ್ ಗೋಡೆಗಳ ಮೇಲೆ, ಸ್ಟಾರ್ಟರ್ ಡಬ್ಬಗಳ ಮೇಲೆ, ರಸ್ತೆ ಬದಿಯ ಬಂಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆದ. ಮೋಟರ್ ಕೆಟ್ಟರೆ ಜನ ಅದಕ್ಕೇ ಫೋನ್ ಮಾಡುತ್ತಿದ್ದರು. ಬೈಕ್ ಅಪಘಾತದಲ್ಲಿ ಅವನು ಹೋದ ಮೇಲೆ ಮೋಟರ್ ಎತ್ತುವ ಗಾಡಿ ತಮ್ಮನಿಗೆ ಸೇರಿತು. ವನಿತಾಳ ಬಳಿ ಉಳಿದದ್ದು ಫೋನು ಮಾತ್ರ. ಅದು ಬೀರುವಿನಲ್ಲಿ ಆಫ್ ಆಗಿಯೇ ಬಿದ್ದಿತ್ತು. ವೇಣು ತನ್ನ ನಂಬರನ್ನು ಹಸಿರು ಬಣ್ಣದಲ್ಲಿ ಬರೆಸಿದ. ಯಾರೂ ಕರೆಯಲಿಲ್ಲ.

ನಿನ್ನೆ ವನಿತಾ ರೀಚಾರ್ಜ್ ಮಾಡಿಸಿ ಫೋನ್ ಆನ್ ಮಾಡಿದ್ದಳು. ತಪ್ಪಿಹೋದ ಕರೆಗಳ ಮೆಸೇಜುಗಳು ಬಹಳ ಹೊತ್ತು ಬರುತ್ತಲೇ ಇದ್ದವು.

ಕಂಬಕ್ಕೆ ಒರಗಿ ಕೂತಿದ್ದ ಮಾವ ಮುನಿನಾರಾಯಣಪ್ಪ ಗಂಟಲು ಸರಿಮಾಡಿಕೊಂಡರು. “ಕೊಟ್ಬಿಡಮ್ಮ. ಫೋನು ನೀನೇ ಇಟ್ಕೋ, ಅವನ ಫೋಟೋ ಗೀಟೋ ಇರ್ತವೆ. ಸಿಮ್ ಮಾತ್ರ ಕೊಡು. ಮುಂಚೆ ಫೋನಿಲ್ದಾಗ ಮೋಟರ್ ಕೆಟ್ರೆ ರೈತ್ರು ಬಸ್ಸತ್ತಿ ಬಂಗಾರಪೇಟೆಗೆ ಬಂದು, ಗಾಡಿ ಎಲ್ಲೈತಪ್ಪಾ ಅಂತ ಟೀ ಅಂಗ್ಡಿಗಳ ಮುಂದೆ ತಿರುಗೋರು. ಈಗ ಯಾರು ಬತ್ತಾರೆ? ನಂಬರ್ ಇಲ್ದೆ ಗಾಡಿ ಇದ್ರೂ ಒಂದೇ, ಇಲ್ದಿದ್ರೂ ಒಂದೇ.”

“ಅದಕ್ಕೇ ಕೊಡಲ್ಲ ಮಾವ,” ಎಂದಳು ವನಿತಾ. “ಫೋನ್ ನಾನು ಎತ್ತುತ್ತೀನಿ. ಎಲ್ಲಿಗೆ ಹೋಗಬೇಕು ಅಂತ ವೇಣುಗೆ ಹೇಳ್ತೀನಿ. ಬಂದಿದ್ದರಲ್ಲಿ ಇಬ್ಬರಿಗೂ ಸಮ. ಒಪ್ಪದಿದ್ದರೆ ಕೆಜಿಎಫ್‌ನಲ್ಲಿ ಬೇರೆ ಗಾಡಿಗಳಿವೆ.”

ವೇಣು ನಕ್ಕ. “ಎಂ.ಎ. ಓದಿದ್ದು ಮೋಟರ್ ಎತ್ಸೋಕಾ ಅತ್ಗೆ? ಎಂಗಸ್ರು ಅಲೋ ಅಂದ್ರೆ ರೈತ ರಾಂಗ್ ನಂಬರ್ ಅಂತ ಇಟ್ಬಿಡ್ತಾನೆ. ಅಣ್ಣ ಇಲ್ಲ ಅಂತ ಗೊತ್ತಾಯ್ತೋ, ನಾಳೆಯಿಂದ ಬೇರೆಯೋರ್ನ ಕರೀತಾನೆ. ನನ್ ದನಿ ಅಣ್ಣನ ದನಿ ಇದ್ದಂಗೇ ಐತೆ. ನಾನಾದ್ರೆ...”

“ನೀನಾದ್ರೆ?”

ಅಷ್ಟರಲ್ಲಿ ಒಳಗೆ ಫೋನ್ ಹೊಡೆದುಕೊಂಡಿತು. ವನಿತಾ ಸೆರಗಿಗೆ ಕೈ ಒರೆಸಿಕೊಂಡು ಅದನ್ನು ಹೊರಗೆ ತಂದಳು. ಇಬ್ಬರ ಮುಂದೆಯೇ ಸ್ಪೀಕರ್ ಹಾಕಿದಳು.

“ಲೇ ಗೋಪಿ, ಎಲ್ ಸತ್ತೋಗಿದ್ಯಲಾ? ಎಷ್ಟ್ ಸಲ ಮಾಡೋದು ನಿಂಗೆ!”

“ನಾನು ಅವರ ಮನೆಯವಳು. ಹೇಳಿ.”

ಆ ಕಡೆಯ ದನಿ ತಗ್ಗಿತು. “ಅಯ್ಯೋ, ತಪ್ಪು ತಿಳ್ಕೋಬೇಡಮ್ಮ. ನಾನು ಮುನಿಸ್ವಾಮಪ್ಪ, ಬೇತಮಂಗಲದ ಕೆರೆ ಇಂದ್ಗಡೆ ತೋಟ. ಬೆಳಗ್ಗೆಯಿಂದ ಮೋಟರ್ ನಿಂತೋಗೈತೆ. ಟಮಾಟ ಊ ಬಿಟ್ಟೈತೆ, ನೀರಿಲ್ದಿದ್ರೆ ಎಲ್ಲ ಉದ್ರೋಗ್ತದೆ. ಗೋಪಿನ ಕಳ್ಸಮ್ಮ. ಓದ್ ಸಲ ಪೈಪು ಜಾರಿ ಬಾವಿಯೊಳಕ್ಕೆ ಓಗ್ತಿತ್ತು, ಅವ್ನೇ ಕೈ ಆಕಿ ಇಡ್ಕೊಂಡಿದ್ದು. ಅವ್ನಿಲ್ಲ ಅಂದ್ರೆ ಈಗ್ಲೇ ಏಳ್ಬಿಡು, ಮುಳಬಾಗಿಲೋರ್ಗೆ ಮಾಡ್ತೀನಿ.”

ಫೋನಿಗಾಗಿ ವೇಣು ಕೈ ಚಾಚಿದ. ವನಿತಾ ಕೊಡಲಿಲ್ಲ.

“ಇದ್ದಾರೆ,” ಎಂದಳು. ದನಿಯಲ್ಲಿ ಏರಿಳಿತವಿರಲಿಲ್ಲ. “ಇನ್ನೊಂದು ಬೋರ್ ಹತ್ತಿರ ಇದ್ದಾರೆ. ನಿಮ್ಮದು ಕಬ್ಬಿಣದ ಪೈಪೋ, ಪ್ಲಾಸ್ಟಿಕ್ಕೋ?”

“ಕಬ್ಬಿಣದ್ದು.”

“ಸರಿ. ಅವರ ತಮ್ಮ ಗಾಡಿ ತಗೊಂಡು ಈಗಲೇ ಹೊರಡ್ತಾನೆ. ಕೆಲಸ ಅವನಿಗೂ ಗೊತ್ತು.”

“ಆಗ್ಲಮ್ಮ, ಕಳ್ಸು. ಗೋಪಿಗೆ ಬಿಡುವಾದಾಗ ಒಂದ್ ಫೋನ್ ಮಾಡಕ್ಕೇಳು.”

“ಹೇಳ್ತೀನಿ.”

ಕರೆ ಕಟ್ ಆಯಿತು. ವೇಣು ಗೂಟಕ್ಕೆ ಹಾಕಿದ್ದ ಗಾಡಿಯ ಕೀ ತೆಗೆದುಕೊಂಡು ಅಂಗಳಕ್ಕಿಳಿದ. ಗಾಡಿಯ ಮೇಲೆ ಮಲಗಿದ್ದ ಕೋಳಿಗಳು ಕೆಳಗೆ ಹಾರಿದವು.

ಎಂಜಿನ್ನಿನ ಸದ್ದು ರಸ್ತೆಯ ತಿರುವು ದಾಟುವವರೆಗೂ ಮುನಿನಾರಾಯಣಪ್ಪ ತಲೆ ಎತ್ತಲಿಲ್ಲ. ವನಿತಾ ಮತ್ತೆ ಅವರೆಕಾಯಿಯ ಮುಂದೆ ಕೂತಿದ್ದಳು.

“ಗೋಪಿ ಯಾವೂರ ಬೋರ್ ಅತ್ರ ಅವ್ನೆ ಅಂದೆಮ್ಮ?” ಎಂದು ಕೇಳಿದರು.

“ಮಾರಿಕುಪ್ಪಂ ಕಡೆ, ಮಾವ.”