ಕಪ್ಪು ಗಾಜಿನ ಹಿಂದೆ

"ಇದನ್ನ ಹಾಕ್ಕೊ ಅಪ್ಪಾ, ಇಲ್ಲಾಂದ್ರ ಕಣ್ಣು ಹೋಗ್ತಾವ," ಎಂದು ಅಕ್ಷಯಾ ವೆಲ್ಡಿಂಗ್ ಹೆಲ್ಮೆಟನ್ನು ತಂದೆ ಕಲ್ಮೇಶನ ಕೈಗೆ ಕೊಟ್ಟಳು. ಅಮೆರಿಕದ ಅವರ ಊರು ಜಾನ್ಸ್ ಕ್ರೀಕ್‌ನಲ್ಲಿ ಅವನ ಗೆಳೆಯರ ಮಕ್ಕಳೆಲ್ಲ ಹೈಸ್ಕೂಲಿನಲ್ಲಿದ್ದುಕೊಂಡೇ ಕಾಲೇಜಿನ ಕ್ಯಾಲ್ಕ್ಯುಲಸ್ ಓದುತ್ತಿದ್ದರೆ, ಇವಳು ಕಾಲೇಜಿನ ವೆಲ್ಡಿಂಗ್ ಆರಿಸಿಕೊಂಡಿದ್ದಳು. ಅವನು ಇವತ್ತು ಕಾಲೇಜಿನ ಈ ವರ್ಕ್‌ಶಾಪಿಗೆ ಬಂದದ್ದೇ ಅದನ್ನು ಬಿಡಿಸಲು.

"ಈ ಕ್ಲಾಸ್ ಡ್ರಾಪ್ ಮಾಡು. ಮಂದಿಗೆ ಏನಂತ ಹೇಳ್ಲಿ ನಾನು?"

"ಮಾಡಂಗಿಲ್ಲ. ಫಸ್ಟ್ ನೋಡು."

ಹೆಲ್ಮೆಟ್ ಹಾಕಿಕೊಂಡರೆ ಅದರ ಕಪ್ಪು ಗಾಜಿನ ಹಿಂದೆ ಕಗ್ಗತ್ತಲು. ಮಗಳೂ ಕಾಣಲಿಲ್ಲ, ಮೇಜೂ ಕಾಣಲಿಲ್ಲ. ಆಮೇಲೆ ಚಿರ್ರೆಂದಿತು. ಆ ಬೆಳಕಿನಲ್ಲಿ ಅವಳ ಕೈಯೊಂದೇ ಕಂಡಿತು. ಒಂದಿಷ್ಟೂ ನಡುಗದೆ, ಎರಡು ಕಬ್ಬಿಣದ ತುಂಡುಗಳ ನಡುವಿನ ಸಂದನ್ನು ನಿಧಾನವಾಗಿ ಮುಚ್ಚುತ್ತಾ ಹೋಯಿತು. ಕಿಡಿ ಆರಿದಾಗ ಮತ್ತೆ ಕತ್ತಲು.

ಕಲ್ಮೇಶ ಹೆಲ್ಮೆಟ್ ತೆಗೆಯಲಿಲ್ಲ.

"ಇನ್ನೊಮ್ಮೆ ಹಚ್ಚವಾ," ಎಂದ.